ಹೊಡೆತಕ್ಕೂ ಎಚ್‌ಐವಿಗೂ ಏನು ಸಂಬಂಧ?

ನಾನು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ಭಾಗದಲ್ಲಿ ಎಚ್‌ಐವಿ ಸಲಹೆಗಾರ್ತಿ. ರಕ್ತ ಪರೀಕ್ಷೆಗೆ ಮುಂಚೆ ಮತ್ತು ಆಮೇಲೆ ಬಂದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಬಂದ ಹೆಂಗಸರನ್ನೆಲ್ಲ ಮನೆಯಲ್ಲಿ ಹೊಡೆತ ಬಡಿತ ಇದೆಯಾ ಅಂತ ಕೇಳುತ್ತೇನೆ. ಸಂಘದ ಸಭೆ ಇರಲಿ, ಮದುವೆ ಮನೆ ಇರಲಿ, ಯಾರಾದರೂ ಇದನ್ನೇ ಹಿಡಿದು ನನ್ನನ್ನು ಕೇಳುತ್ತಾರೆ. "ರೋಗದ ಮಾತಿಗೆ ಬಂದವರು ನೀವು, ಗಂಡ ಹೊಡಿತಾನೇನು ಅಂತ ಯಾಕ ಕೇಳ್ತೀರಿ? ಹೊಡದ್ರ ಎಚ್‌ಐವಿ ಬರ್ತೈತೇನ್ರಿ?"

ಬರೀ ಹೊಡೆತದಿಂದ ಬರುವುದಿಲ್ಲ. ಆದರೆ ಹೊಡೆತದ ಹೆದರಿಕೆ ಇರುವ ಮನೆಯಲ್ಲಿ, ಹೆಂಗಸು ತನ್ನನ್ನು ಕಾಪಾಡಿಕೊಳ್ಳಲು ಏನೇನು ಮಾಡಬೇಕೋ ಅದು ಯಾವುದೂ ಅವಳ ಕೈಯಲ್ಲಿ ಉಳಿಯುವುದಿಲ್ಲ. ನನ್ನ ಉತ್ತರ ಇಷ್ಟೇ. ಬಿಡಿಸಿ ಹೇಳುತ್ತೇನೆ.

ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೇ ನಾನೂ ಹೇಳುತ್ತಿದ್ದೆ. ಗಂಡನಿಗೆ ನಿರೋಧ್ ಬಳಸಲು ಹೇಳಿ, ಅಷ್ಟೇ. ಒಬ್ಬ ಹೆಣ್ಣುಮಗಳು ಮುಂದಿನ ಸಲ ಬಂದಾಗ ಬಳೆ ಇರಲಿಲ್ಲ, ಮಣಿಕಟ್ಟಿನ ಸುತ್ತ ಸಣ್ಣ ಸಣ್ಣ ಗೀರು. "ಅಕ್ಕಾರ, ನೀವು ಹೇಳಿದಂಗ ಹೇಳಿದ್ನಿರಿ. ಇದನ್ನ ಯಾರ ಕೂಡ ಕಲ್ತಿ ಅಂತ ಕೇಳಿದ." ಇಷ್ಟು ಹೇಳಿ ಸೆರಗು ಎಳೆದು ಕೈ ಮುಚ್ಚಿಕೊಂಡಳು. ಅವಳಿಗೆ ಹಾಗೆ ಹೇಳಿ ಕಳಿಸಿದ್ದು ನಾನು ಅನ್ನುವುದನ್ನು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಮೊದಲು ಹೊಡೆತದ ಬಗ್ಗೆ ಕೇಳುತ್ತೇನೆ, ನಿರೋಧ್ ಮಾತು ಆಮೇಲೆ.

ದೇಹದ ವಿಷಯವೂ ಇದೆ. ಗಂಡಿನಿಂದ ಹೆಣ್ಣಿಗೆ ಸೋಂಕು ದಾಟುವುದು ಮೊದಲೇ ಸುಲಭ. ಬಲವಂತವಾಗಿ ಕೂಡಿದಾಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ, ವೈರಸ್ ಒಳಗೆ ಹೋಗಲು ಅಷ್ಟು ಸಾಕು. ಬೇರೆ ಗುಪ್ತರೋಗದ ಹುಣ್ಣು ಇದ್ದರಂತೂ ಇನ್ನೂ ಜಾಸ್ತಿ. ಆ ಹುಣ್ಣಿಗೆ ಔಷಧಿ ತರಲು ಮನೆಯಲ್ಲಿ ಕೇಳಬೇಕು, ಕೇಳಿದರೆ ಅದಕ್ಕೂ ಏಟು.

ಇದು ನನ್ನೊಬ್ಬಳ ಅನುಭವವಲ್ಲ. 2005-06ರಲ್ಲಿ ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿ ಎಚ್‌ಐವಿ ಪರೀಕ್ಷೆಯನ್ನೂ ಮಾಡಿದರು. ಅದರಲ್ಲಿ 28,000ಕ್ಕೂ ಹೆಚ್ಚು ವಿವಾಹಿತ ಮಹಿಳೆಯರ ಲೆಕ್ಕ ತೆಗೆದು 2008ರಲ್ಲಿ ಒಂದು ಅಧ್ಯಯನ ಬಂತು. ಗಂಡನಿಂದ ಯಾವ ಹಿಂಸೆಯೂ ಇಲ್ಲದವರಲ್ಲಿ ಸಾವಿರಕ್ಕೆ ಸುಮಾರು 2 ಮಂದಿಗೆ ಸೋಂಕಿತ್ತು. ಹೊಡೆತ, ಬಲವಂತ ಎರಡನ್ನೂ ಅನುಭವಿಸಿದವರಲ್ಲಿ ಸಾವಿರಕ್ಕೆ ಸುಮಾರು 7. ಬರೀ ಹೊಡೆತ ಇದ್ದು ಬಲವಂತ ಇಲ್ಲದ ಕಡೆ ಇಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಏಟು ತಿಂದ ಹೆಂಗಸರೆಲ್ಲ ಸುಮ್ನೆ ಗಾಬರಿಯಾಗುತ್ತಾರೆ. ಮುಂದೆ ಅದೇ ಸಮೀಕ್ಷೆಯ ಗಂಡ ಹೆಂಡಿರ ಜೋಡಿಗಳನ್ನು ಸೇರಿಸಿ ನೋಡಿದಾಗ ಇನ್ನೊಂದು ಗೊತ್ತಾಯಿತು. ಹಿಂಸೆ ಮಾಡುವ ಗಂಡಂದಿರಲ್ಲೇ ಸೋಂಕು ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ಹೊರಗಿನಿಂದ ಸೋಂಕು ತರುವವನೂ, ಮನೆಯಲ್ಲಿ 'ಬೇಡ' ಅನ್ನಲು ಬಿಡದವನೂ ಎಷ್ಟೋ ಸಲ ಒಬ್ಬನೇ.

"ಅಷ್ಟು ಕಷ್ಟ ಇದ್ದರೆ ಬಿಟ್ಟು ಬರಬಹುದಲ್ವಾ?" ಅಂತ ಇದರ ಹಿಂದೆಯೇ ಕೇಳುತ್ತಾರೆ. ನಮ್ಮ ಕಡೆಯ ಕಬ್ಬಿನ ಗ್ಯಾಂಗ್ ನೋಡಿದವರು ಹೀಗೆ ಕೇಳುವುದಿಲ್ಲ. ದೀಪಾವಳಿ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯಲು ಹೊರಡುತ್ತಾರೆ. ಇಬ್ಬರೂ ಸೇರಿ ಲೆಕ್ಕಕ್ಕೆ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಮುಂಗಡ ಕೊಡುವುದು ಆ ಜೋಡಿಗೆ, ದುಡ್ಡು ಹೋಗುವುದು ಗಂಡನ ಕೈಗೆ. ಹೆಂಡತಿ ನಡುವೆ ಎದ್ದು ತವರಿಗೆ ಹೋದರೆ ಕೊಯ್ತಾ ಮುರಿಯುತ್ತದೆ, ಮುಂಗಡ ವಾಪಸ್ ಕೊಡಬೇಕು. ರಾತ್ರಿ ಪಕ್ಕದ ಜೋಪಡಿಗೆ ಅಳು ಕೇಳಿಸುತ್ತದೆ, ಬೆಳಗಿನ ಜಾವ ಅವಳೇ ಕಬ್ಬಿನ ಹೊರೆ ಹೊರುತ್ತಾಳೆ. ಅವಳು ಎಲ್ಲಿಗೆ ಹೋಗಬೇಕು ಹೇಳಿ.

ಇನ್ನೊಂದು ಅನ್ಯಾಯ ಪರೀಕ್ಷೆಯ ಸರದಿಯಲ್ಲೇ ಇದೆ. ಬಸುರಿಯರಿಗೆಲ್ಲ ದವಾಖಾನೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಮಗುವಿಗೆ ಸೋಂಕು ತಗಲದಂತೆ ತಡೆಯಲು ಅದು ಬೇಕೇ ಬೇಕು. ಆದರೆ ಇದರಿಂದಾಗಿ ಎಷ್ಟೋ ಮನೆಯಲ್ಲಿ ಮೊದಲು ಗೊತ್ತಾಗುವುದು ಹೆಂಡತಿಯದು. ಗಂಡ ಪರೀಕ್ಷೆಗೇ ಬಂದಿರುವುದಿಲ್ಲ. ತಕ್ಷಣ ಅತ್ತೆ ಮನೆಯವರು "ನೀನೇ ತಂದಿ" ಅನ್ನುತ್ತಾರೆ. ಮೊದಲು ಗೊತ್ತಾದವಳೇ ಮೊದಲು ತಂದವಳು ಅನ್ನುವ ಲೆಕ್ಕ ಎಲ್ಲಿಯದು? ಆಮೇಲೆ ಹೊಡೆತ ಜಾಸ್ತಿಯಾಗುತ್ತದೆ, ಇಲ್ಲವೇ ತವರಿಗೆ ಕಳಿಸಿಬಿಡುತ್ತಾರೆ. 2017ರ ಎಚ್‌ಐವಿ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು ಅಂತ ಕಾಣುತ್ತದೆ. ಸಂಗಾತಿಗೆ ವಿಷಯ ತಿಳಿಸಿದರೆ ಅವಳಿಗೆ ಹಿಂಸೆ ಆಗಬಹುದು, ಅವಳನ್ನು ಕೈಬಿಡಬಹುದು ಅನ್ನುವ ಭಯಕ್ಕೆ ಕಾರಣ ಇದ್ದರೆ ಡಾಕ್ಟರಾಗಲಿ ಸಲಹೆಗಾರರಾಗಲಿ ತಿಳಿಸಬಾರದು ಅಂತ ಅದರಲ್ಲಿದೆ. ಸೋಂಕು ಇದೆ ಅಂತ ಅವಳನ್ನು ಇದ್ದ ಮನೆಯಿಂದ ಹೊರಗೆ ಹಾಕುವಂತೆಯೂ ಇಲ್ಲ.

ಗಡಿಯಲ್ಲಿ ನಮ್ಮದೇ ಒಂದು ತೊಂದರೆ ಇದೆ, ನನಗೆ ಇದೇ ದೊಡ್ಡದು. ದವಾಖಾನೆಯಲ್ಲಿ ಕೇಸ್ ಪೇಪರ್, ಒಪ್ಪಿಗೆ ಪತ್ರ ಎಲ್ಲ ಮರಾಠಿ. ಹಳ್ಳಿಯಿಂದ ಬಂದವಳಿಗೆ ಕನ್ನಡ ಮಾತ್ರ ಬರುತ್ತದೆ. ಗಂಡನಿಗೆ ಸಂತೆ, ದುಡಿಮೆಯಲ್ಲಿ ತಿರುಗಾಡಿ ಮರಾಠಿ ಬರುತ್ತದೆ. ಹಾಗಾಗಿ ಸಲಹೆಗಾರರಿಗೆ ಕನ್ನಡ ಬರದ ಕಡೆ ಗಂಡನೇ ನಡುವೆ ನಿಂತು ಹೆಂಡತಿಯ ಮಾತು ಹೇಳುತ್ತಾನೆ. "ಮನೆಯಲ್ಲಿ ತೊಂದರೆ ಇದೆಯಾ?" ಅಂತ ಅವಳನ್ನು ಕೇಳಿದ ಪ್ರಶ್ನೆ ಅವನ ಬಾಯಿಂದ ಅವಳಿಗೆ ತಲುಪುತ್ತದೆ! ಅವಳು ನೆಲ ನೋಡುತ್ತಾಳೆ, ಅವನು "ಕಾಹೀ ನಾಹೀ", ಏನೂ ಇಲ್ಲ, ಅನ್ನುತ್ತಾನೆ. ಪೇಪರಿನಲ್ಲಿ ತೊಂದರೆ ಇಲ್ಲ ಅಂತ ಬೀಳುತ್ತದೆ. ನಾನು ಗಂಡನನ್ನು ತೂಕ ನೋಡಿಸಿಕೊಂಡು ಬನ್ನಿ ಅಂತ ಹೊರಗೆ ಕಳಿಸಿ, ಆ ಐದು ನಿಮಿಷದಲ್ಲಿ ಅವಳನ್ನು ಕನ್ನಡದಲ್ಲಿ ಕೇಳುತ್ತೇನೆ. ಗಡಿ ಭಾಗದ ಪ್ರತಿ ದವಾಖಾನೆಯಲ್ಲೂ ಅವಳ ಭಾಷೆ ಬರುವ ಒಬ್ಬ ಹೆಂಗಸು ಇರಲೇಬೇಕು.

ಸೋಂಕು ಬಂದ ಮೇಲೂ ಹೆದರಿಕೆ ಬಿಡುವುದಿಲ್ಲ. 2004ರಿಂದ ಸರ್ಕಾರ ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಪುಕ್ಕಟೆ ಕೊಡುತ್ತಿದೆ. ದಿನಾ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಉಳಿದರೆ ಕೂಡಿದಾಗ ಇನ್ನೊಬ್ಬರಿಗೆ ದಾಟುವುದಿಲ್ಲ. ಆದರೆ ದಿನಾ ತಗೊಳ್ಳಬೇಕಲ್ಲ. ಒಬ್ಬಳು ನನ್ನ ಮುಂದೆ ಬಾಟಲಿ ಅಲ್ಲಾಡಿಸಿದಳು, ಸಪ್ಪಳವೇ ಇಲ್ಲ. ಮುಚ್ಚಳ ತೆಗೆದರೆ ಒಳಗೆ ಮಾತ್ರೆಗಳ ಮೇಲೆ ಹತ್ತಿ ತುರುಕಿದ್ದಳು, ರಾತ್ರಿ ತೆಗೆಯುವಾಗ ಗಂಡನಿಗೆ ಕೇಳಿಸಬಾರದು ಅಂತ. ಮೇಲಿನ ಚೀಟಿ ಉಗುರಿನಿಂದ ಕೆರೆದು ತೆಗೆದಿದ್ದಳು.

ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಇಷ್ಟು ಹೇಳುತ್ತೇನೆ. ಬಲವಂತ ಆಗಿದ್ದರೆ 72 ಗಂಟೆಯೊಳಗೆ ಸರ್ಕಾರಿ ದವಾಖಾನೆಗೆ ಹೋಗಿ. ಸೋಂಕು ತಡೆಯುವ ಮಾತ್ರೆ ಇದೆ, 28 ದಿನ ತಗೊಳ್ಳಬೇಕು, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಬಲವಂತ ಮಾಡಿದವನು ಗಂಡನಾದರೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅದು ಹಿಂಸೆಯೇ. ಹೊಡೆತಕ್ಕೆ 181, ಎಚ್‌ಐವಿ ಪ್ರಶ್ನೆಗೆ 1097, ಎರಡಕ್ಕೂ ದುಡ್ಡಿಲ್ಲ. ನನ್ನ ಹತ್ತಿರ ಬಂದವರಿಗೆ ಈ ನಂಬರುಗಳನ್ನು ಬಸ್ ಟಿಕೆಟಿನ ಹಿಂದೆ ಬರೆದು ಕೊಡುತ್ತೇನೆ. ಯಾವುದು ಯಾತಕ್ಕೆ ಅಂತ ಬರೆಯುವುದಿಲ್ಲ, ಬಾಯಲ್ಲಿ ಹೇಳಿ ಕಳಿಸುತ್ತೇನೆ.