ಒಪ್ಪದ ಎದುರಾಳಿಯ ಮುಂದೆ ಹನ್ನೆರಡು ವರಸೆಗಳು: ಹದಿನಾಲ್ಕು ತಿಂಗಳ ತಾಲೀಮಿನ ದಾಖಲೆ

ಏಳು ವರ್ಷ ಕರಾಟೆ ಕಲಿತು ಕಪ್ಪು ಪಟ್ಟಿ ಕಟ್ಟಿಕೊಂಡ ಮೇಲೂ ಒಂದು ಪ್ರಶ್ನೆಗೆ ನನ್ನಲ್ಲಿ ಪ್ರಾಮಾಣಿಕವಾದ ಉತ್ತರವಿರಲಿಲ್ಲ: ಹೊಡೆಯಬೇಕೆಂದೇ ಬಂದವನ ಎದುರು ನಾನು ಕಲಿತದ್ದರಲ್ಲಿ ಯಾವುದು ಕೈಹಿಡಿಯುತ್ತದೆ? ಬೀದಿಗಿಳಿದು ಜಗಳವಾಡಿ ಪರೀಕ್ಷಿಸುವ ವಿಷಯ ಇದಲ್ಲ. ಹಾಗೆ ಮಾಡುವುದು ಅಪರಾಧ, ಮೇಲಾಗಿ ಒಂದೆರಡು ಜಗಳಗಳಿಂದ ತಿಳಿದುಬರುವುದು ಬಹಳ ಕಡಿಮೆ. ಆದ್ದರಿಂದ ಆತ್ಮರಕ್ಷಣೆಗೆಂದು ನನಗೆ ಕಲಿಸಿದ್ದ ಹನ್ನೆರಡು ವರಸೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅವನ್ನು ಒಂದೊಂದಾಗಿ, ಸೋಲಲು ಒಪ್ಪದ ಜೊತೆಗಾರನ ಮೇಲೆ ಪ್ರಯೋಗಿಸಲು ತೀರ್ಮಾನಿಸಿದೆ. ವಾರಕ್ಕೆ ಎರಡು ದಿನ ಜೂಡೋ, ಒಂದು ದಿನ ಬಾಕ್ಸಿಂಗ್, ಭಾನುವಾರ ಇಬ್ಬರು ಗೆಳೆಯರೊಡನೆ ಈ ಪರೀಕ್ಷೆ. ನಿಯಮ ಒಂದೇ: ಎದುರಿಗಿರುವವನು ಯಾವಾಗ, ಯಾವ ಕಡೆಯಿಂದ ಬರುತ್ತಾನೆಂಬುದು ನನಗೆ ಗೊತ್ತಿರಬಾರದು, ಮತ್ತು ನಾನು ಏನಾದರೂ ಮಾಡಿದಾಗ ಅವನು ತನಗೆ ತೋಚಿದ ಹಾಗೆ ಪ್ರತಿರೋಧಿಸಬೇಕು.

ಮೊದಲ ತಿಂಗಳು: ಮಣಿಕಟ್ಟು ಬಿಡಿಸಿಕೊಳ್ಳುವುದು

ಎದುರಾಳಿಯ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವಿನ ಸಂದಿಯ ಕಡೆಗೆ ಕೈಯನ್ನು ತಿರುಗಿಸಿ ಎಳೆದುಕೊಂಡರೆ ಹಿಡಿತ ಬಿಡುತ್ತದೆ ಎಂಬುದು ಎಲ್ಲ ಶಾಲೆಗಳಲ್ಲೂ ಹೇಳಿಕೊಡುವ ಮೊದಲ ಪಾಠ. ಇದು ಸುಳ್ಳಲ್ಲ, ಹಿಡಿತ ದುರ್ಬಲವಾಗಿರುವುದು ಅಲ್ಲಿಯೇ. ಆದರೆ ಪಾಠದಲ್ಲಿ ಮಣಿಕಟ್ಟು ಹಿಡಿದವನು ಹಿಡಿದುಕೊಂಡು ನಿಂತಿರುತ್ತಾನೆ, ಭಾನುವಾರದ ಪರೀಕ್ಷೆಯಲ್ಲಿ ನನ್ನ ಗೆಳೆಯ ಹಿಡಿದ ಮರುಕ್ಷಣವೇ ಎಳೆದ, ಇನ್ನೊಂದು ಕೈಯಿಂದ ಹೊಡೆದ. ಯಾರೂ ಸುಮ್ಮನೆ ಮಣಿಕಟ್ಟು ಹಿಡಿಯುವುದಿಲ್ಲ. ಎಳೆದೊಯ್ಯಲು, ಹೊಡೆಯಲು, ಇಲ್ಲವೇ ನನ್ನ ಕೈಯನ್ನು ತಡೆಯಲು ಹಿಡಿಯುತ್ತಾರೆ. ಅವನು ಎಳೆದ ದಿಕ್ಕಿಗೇ ಒಂದು ಹೆಜ್ಜೆ ಇಟ್ಟು, ಮೊಣಕೈಯನ್ನು ದೇಹಕ್ಕೆ ಒತ್ತಿಕೊಂಡು, ಇಡೀ ಮೈಯನ್ನು ತಿರುಗಿಸಿದಾಗ ಮಾತ್ರ ಹಿಡಿತ ಬಿಟ್ಟಿತು. ಬರಿಯ ತೋಳಿನ ಬಲದಿಂದ, ನನಗಿಂತ ತೂಕದವನ ಮೇಲೆ, ಒಂದು ಸಲವೂ ಬಿಡಲಿಲ್ಲ. ವರಸೆಯ ಎದುರು ಟಿಪ್ಪಣಿ ಬರೆದೆ: ‘ಉಳಿಸಿಕೊಳ್ಳಬಹುದು, ಆದರೆ ಎರಡನೆಯ ಕೈಯನ್ನು ಮರೆಯಬಾರದು.’

ಎರಡನೆಯ ಮತ್ತು ಮೂರನೆಯ ತಿಂಗಳು: ಮುಖಕ್ಕೆ ಪೆಟ್ಟು ಬಿದ್ದಾಗ

ಬಾಕ್ಸಿಂಗ್ ನನಗೆ ಮೊದಲು ಕಲಿಸಿದ್ದು ಪೆಟ್ಟು ತಿನ್ನುವಾಗ ಕಣ್ಣು ತೆರೆದಿಟ್ಟುಕೊಳ್ಳುವುದನ್ನು. ಏಳು ವರ್ಷದ ತರಬೇತಿಯಲ್ಲಿ ಮುಖದಿಂದ ಒಂದಂಗುಲ ದೂರದಲ್ಲಿ ನಿಲ್ಲುವ ಗುದ್ದುಗಳನ್ನೇ ನೋಡಿದ್ದ ನನಗೆ, ಹದಿನಾರು ಔನ್ಸಿನ ಗ್ಲೌಸ್ ಮೂಗಿಗೆ ತಾಗಿದಾಗಲೆಲ್ಲ ತಲೆ ಹಿಂದಕ್ಕೆ ವಾಲಿ, ಗಲ್ಲ ಮೇಲೆದ್ದು, ಕಾಲು ನಿಂತಲ್ಲೇ ನಿಲ್ಲುತ್ತಿತ್ತು. ಇದು ಹೇಡಿತನವಲ್ಲ, ಅಭ್ಯಾಸದ ಕೊರತೆ. ಆರು ವಾರ ಹಗುರವಾದ ಸ್ಪಾರಿಂಗ್, ಅಂದರೆ ಜೊತೆಗಾರನೊಡನೆ ಗುದ್ದಾಟದ ಅಭ್ಯಾಸ, ಮಾಡಿದ ಮೇಲೆ ಬಹುಮಟ್ಟಿಗೆ ಹೋಯಿತು.

ಕಾಟಾಗಳಲ್ಲಿ, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳ ಸರಣಿಗಳಲ್ಲಿ, ಬರುವ ದೊಡ್ಡ ದೊಡ್ಡ ತಡೆಗಳು ಇಲ್ಲಿ ಸಂಪೂರ್ಣವಾಗಿ ಸೋತವು. ಕಾರಣ ಸರಳವಾದ ಲೆಕ್ಕ. ಕಣ್ಣಿಗೆ ಕಂಡದ್ದಕ್ಕೆ ಸ್ಪಂದಿಸಲು ಮನುಷ್ಯನಿಗೆ ಸುಮಾರು 0.2 ರಿಂದ 0.25 ಸೆಕೆಂಡು ಬೇಕು, ಹತ್ತಿರದಿಂದ ಹೊರಟ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹೆಚ್ಚುಕಡಿಮೆ ಅಷ್ಟರೊಳಗೇ ಮುಖ ಮುಟ್ಟಿರುತ್ತದೆ. ಗುದ್ದನ್ನು ಕಂಡ ಮೇಲೆ ಸೊಂಟದಿಂದ ಕೈ ಎತ್ತಿ ತಡೆಯುತ್ತೇನೆಂದರೆ ಆಗುವುದಿಲ್ಲ. ಕೈಗಳು ಮೊದಲೇ ಮುಖದ ಬಳಿ ಇರಬೇಕು, ಅಥವಾ ಅವನ ಕೈಗೆ ನಿಲುಕದಷ್ಟು ದೂರದಲ್ಲಿ ನಾನಿರಬೇಕು.

ಆದರೆ ಇದೇ ಅವಧಿಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಒಂದು ಸಂಗತಿಯೂ ಗೊತ್ತಾಯಿತು. ಕರಾಟೆಯಲ್ಲಿ ಒಂದು ಕೈ ಗುದ್ದುವಾಗ ಇನ್ನೊಂದನ್ನು ಸೊಂಟಕ್ಕೆ ಎಳೆದುಕೊಳ್ಳುವ ಕ್ರಮಕ್ಕೆ ಹಿಕಿತೆ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ಅದರ ಅರ್ಥವೇ ಎಳೆಯುವ ಕೈ. ಸಾಲಾಗಿ ನಿಂತು ಗಾಳಿಗೆ ಗುದ್ದುವಾಗ ಈ ಕೈ ಮುಖವನ್ನು ಬರಿದಾಗಿಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಇಬ್ಬರೂ ಮೈಗೆ ಮೈ ತಾಗುವಷ್ಟು ಹತ್ತಿರ ಬಂದಾಗ ಗೆಳೆಯನ ತೋಳನ್ನು ಹಿಡಿದು ಅದೇ ರೀತಿ ಸೊಂಟಕ್ಕೆ ಎಳೆದು ನೋಡಿದೆ. ಅವನ ಭುಜ ತಿರುಗಿತು, ತೂಕ ಮುಂಗಾಲಿಗೆ ಬಂತು, ನನ್ನ ಇನ್ನೊಂದು ಕೈಗೆ ದಾರಿ ತೆರೆಯಿತು. ವರ್ಷಗಟ್ಟಲೆ ಮಾಡಿದ ಚಲನೆ ವ್ಯರ್ಥವಾಗಿರಲಿಲ್ಲ, ಅದನ್ನು ಬಳಸಬೇಕಾದ ದೂರ ಯಾವುದೆಂದು ಯಾರೂ ನನಗೆ ಹೇಳಿರಲಿಲ್ಲ, ಅಷ್ಟೆ. ಪಟ್ಟಿಯಿಂದ ಹೊಡೆದುಹಾಕಬೇಕೆಂದಿದ್ದ ಎರಡು ವರಸೆಗಳು ಹೀಗೆ ಮರಳಿ ಬಂದವು.

ಮುಷ್ಟಿಯ ಬಗ್ಗೆ ಒಂದು ಮಾತು. ಗ್ಲೌಸ್ ಧರಿಸುವುದನ್ನು ವಿಧಿಸಿದ 1867ರ ಕ್ವೀನ್ಸ್‌ಬೆರಿ ನಿಯಮಗಳ ನಂತರ ಬೆಳೆದ ಬಾಕ್ಸಿಂಗ್‌ನಲ್ಲಿ ತಲೆಗೆ ಗುದ್ದುವುದು ಸಹಜವಾಗಿದೆ. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದಿದರೆ ಮುರಿಯುವುದು ಸಾಮಾನ್ಯವಾಗಿ ಕಿರುಬೆರಳಿನ ಕೆಳಗಿನ ಹಸ್ತದ ಮೂಳೆ. ವೈದ್ಯರು ಅದನ್ನು ‘ಬಾಕ್ಸರ್ಸ್ ಫ್ರಾಕ್ಚರ್’ ಎಂದೇ ಕರೆಯುತ್ತಾರೆ. ಗ್ಲೌಸ್ ಬಿಚ್ಚಿದಾಗ ಏನಾಗುತ್ತದೆಂಬುದನ್ನು ಮರೆಯದಿರಲು, ತಲೆಗೆ ಹೊಡೆಯುವಲ್ಲೆಲ್ಲ ಅಂಗೈಯ ಬುಡವನ್ನು ಬಳಸುವ ಅಭ್ಯಾಸವನ್ನು ಬೇರೆಯಾಗಿ ಸೇರಿಸಿಕೊಂಡೆ.

ನಾಲ್ಕರಿಂದ ಏಳನೆಯ ತಿಂಗಳು: ಜೂಡೋ

ಮೊದಲ ಐದು ವಾರ ರಾಂಡೋರಿಯಲ್ಲಿ, ಅಂದರೆ ಇಬ್ಬರೂ ಪೂರ್ಣ ಪ್ರತಿರೋಧದಿಂದ ಆಡುವ ಅಭ್ಯಾಸದಲ್ಲಿ, ನಾನು ಒಬ್ಬರನ್ನೂ ಕೆಡವಲಿಲ್ಲ. ಆರನೆಯ ವಾರ ಮೊದಲ ಬಾರಿಗೆ ಒಸೋತೊ ಗಾರಿ ಎಂಬ ಕೆಡವುವ ಪಟ್ಟು ಕೈಗೂಡಿತು. ಎದುರಾಳಿ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದ ಕ್ಷಣದಲ್ಲೇ ಅವನ ಕಾಲನ್ನು ಹೊರಗಿನಿಂದ ಕೊಯ್ದದ್ದರಿಂದ ಬಲವೇ ಬೇಕಾಗಲಿಲ್ಲ.

ಈ ಯೋಜನೆಯ ಹಿಂದಿನ ಯೋಚನೆಗೆ ಸುಮಾರು ನೂರನಲವತ್ತು ವರ್ಷಗಳ ಹಿಂದೆಯೇ ಒಬ್ಬರು ಉತ್ತರ ಕಂಡುಕೊಂಡಿದ್ದರೆಂಬುದು ಇಲ್ಲಿ ನನಗೆ ಅರ್ಥವಾಯಿತು. ಜೂಡೋದ ಸ್ಥಾಪಕ ಜಿಗೊರೊ ಕಾನೊ, ಜಪಾನಿನ ಹಳೆಯ ಬರಿಗೈ ಕಾದಾಟದ ವಿದ್ಯೆಯಾದ ಜುಜುತ್ಸುವಿನ ಶಾಲೆಗಳಲ್ಲಿ ಕಲಿತು 1882ರಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆಯನ್ನು ಸ್ಥಾಪಿಸಿದಾಗ, ಜೊತೆಗಾರನಿಗೆ ಗಾಯ ಮಾಡದೆ ಅಭ್ಯಾಸ ಮಾಡಲಾಗದ ಪೆಟ್ಟುಗಳನ್ನೂ ಅಪಾಯಕಾರಿ ಕೀಲು ಹಿಡಿತಗಳನ್ನೂ ಕಾಟಾದಲ್ಲಿ ಮಾತ್ರ ಉಳಿಸಿ, ಉಳಿದವನ್ನು ರಾಂಡೋರಿಗೆ ತೆರೆದಿಟ್ಟರು. ಮೇಲ್ನೋಟಕ್ಕೆ ಇದು ವಿದ್ಯೆಯ ಹಲ್ಲು ಕಿತ್ತ ಹಾಗೆ ಕಾಣುತ್ತದೆ, ಆದರೆ ಪರಿಣಾಮ ತಿರುವುಮುರುವಾಗಿದೆ. ಕಣ್ಣಿಗೆ ಬೆರಳು ಚುಚ್ಚುವ ವರಸೆಯನ್ನು ನಾನು ಏಳು ವರ್ಷದಲ್ಲಿ ಒಬ್ಬರ ಮೇಲೂ ಪ್ರಯೋಗಿಸಿಲ್ಲ, ಪ್ರಯೋಗಿಸಲು ಸಾಧ್ಯವೂ ಇಲ್ಲ. ಕಾಲು ಕೊಯ್ದು ಕೆಡವುವುದನ್ನು ಮೂರು ತಿಂಗಳಲ್ಲಿ ನೂರಾರು ಬಾರಿ, ತಪ್ಪಿಸಿಕೊಳ್ಳಲು ಹೆಣಗುವವರ ಮೇಲೆ ಯತ್ನಿಸಿದ್ದೇನೆ. ಪ್ರಾಣಾಂತಕವೆಂದು ಹೇಳಿಕೊಳ್ಳುವ ವಿದ್ಯೆಗಿಂತ, ಪೂರ್ಣ ಬಲದಿಂದ ಅಭ್ಯಾಸ ಮಾಡಬಹುದಾದ ವಿದ್ಯೆಯೇ ಬೇಕಾದ ಹೊತ್ತಿಗೆ ಒದಗುತ್ತದೆಂದು ನಾನು ಈಗ ನಂಬುತ್ತೇನೆ, ಮತ್ತು ಈ ನಂಬಿಕೆ ನನ್ನ ಬೆನ್ನಿಗೂ ಭುಜಕ್ಕೂ ಆದ ಅನುಭವದಿಂದ ಬಂದದ್ದು.

1951ರಲ್ಲಿ ರಿಯೊ ಡಿ ಜನೈರೊದಲ್ಲಿ ಜೂಡೋ ಪಟು ಮಸಾಹಿಕೊ ಕಿಮುರಾ ಅವರು ಬ್ರೆಜಿಲಿಯನ್ ಜುಜುತ್ಸುವಿನ ಹೆಲಿಯೊ ಗ್ರೇಸಿ ಅವರ ತೋಳನ್ನು ತಿರುಚಿ ಮುರಿದ ಹಿಡಿತ ರಹಸ್ಯ ವಿದ್ಯೆಯೇನೂ ಅಲ್ಲ, ಜೂಡೋದಲ್ಲಿ ಕಲಿಸುವ ಒಂದು ಸಾಮಾನ್ಯ ಪಟ್ಟು. ಸೋತ ಕಡೆಯವರೇ ಅದಕ್ಕೆ ಗೆದ್ದವರ ಹೆಸರಿಟ್ಟು ಇಂದಿಗೂ ‘ಕಿಮುರಾ’ ಎನ್ನುತ್ತಾರೆ. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಕಾದಾಟ ವಿದ್ಯೆಗಳವರು ಎದುರಾಗುವ ಯುಎಫ್‌ಸಿ ಸ್ಪರ್ಧೆಯ ಮೊದಲ ಆವೃತ್ತಿಯಲ್ಲಿ ಹೆಲಿಯೊ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲೊಪ್ಪಿಸಿದ್ದನ್ನು ನೋಡಿ, ನೆಲದ ಕಾದಾಟವೇ ಎಲ್ಲಕ್ಕೂ ಉತ್ತರವೆಂದು ಬಹಳ ಜನ ತೀರ್ಮಾನಿಸಿದರು. ಅದು ಅವಸರದ ತೀರ್ಮಾನ. ಆ ರಾತ್ರಿಯ ಎದುರಾಳಿಗಳಲ್ಲಿ ಹೆಚ್ಚಿನವರಿಗೆ ನೆಲದ ಹಿಡಿತಗಳು ಬಹುಮಟ್ಟಿಗೆ ಅಪರಿಚಿತವಾಗಿದ್ದವು. ಮುಂದಿನ ವರ್ಷಗಳಲ್ಲಿ ಎಲ್ಲರೂ ಅವನ್ನು ಕಲಿತಂತೆ ಆ ಮೇಲುಗೈ ಕರಗಿತು. ಅಲ್ಲಿಯೂ ಒಬ್ಬನಿಗೆ ಒಬ್ಬನೇ ಎದುರಾಳಿ, ಕೆಳಗೆ ಮೆತ್ತನೆಯ ನೆಲ, ನಿಲ್ಲಿಸಲು ರೆಫರಿ ಇರುತ್ತಾರೆ ಎಂಬುದನ್ನು ನೆನಪಿಡಬೇಕು.

ಏಳನೆಯ ತಿಂಗಳು ಹೆಬ್ಬೆರಳು ಉಳುಕಿ ಮೂರು ವಾರ ಬಿಡುವು. ಆ ಹೊತ್ತಿಗೆ ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವ ವಿದ್ಯೆ, ನನ್ನ ಮೈಗೆ ಹತ್ತಿತ್ತು. ಹೊಡೆದಾಟದಲ್ಲಿ ಮನುಷ್ಯರಿಗೆ ಗಂಭೀರ ಅಪಾಯವಾಗುವುದು ಎಷ್ಟೋ ಸಲ ಗುದ್ದಿನಿಂದಲ್ಲ, ಬಿದ್ದು ತಲೆ ಗಟ್ಟಿ ನೆಲಕ್ಕೆ ಬಡಿಯುವುದರಿಂದ. ಹನ್ನೆರಡರ ಪಟ್ಟಿಯಲ್ಲಿ ಇಲ್ಲದಿದ್ದ ಇದನ್ನು ಮೊದಲ ಸ್ಥಾನಕ್ಕೆ ಸೇರಿಸಿದೆ.

ಎಂಟರಿಂದ ಹತ್ತನೆಯ ತಿಂಗಳು: ಚಾಕು ಮತ್ತು ಇಬ್ಬರು

ಚಾಕುವಿನ ಬದಲು ದಪ್ಪ ಮಾರ್ಕರ್ ಪೆನ್, ಇಬ್ಬರಿಗೂ ಬಿಳಿ ಅಂಗಿ, ಕಣ್ಣಿಗೆ ರಕ್ಷಣೆಯ ಕನ್ನಡಕ. ಇಪ್ಪತ್ತು ಸುತ್ತು ಆಡಿದೆವು. ಹದಿನೆಂಟರಲ್ಲಿ ನನ್ನ ಅಂಗಿಯ ಮೇಲೆ, ಕತ್ತಿನ ಮೇಲೆ, ಮುಂದೋಳಿನ ಒಳಬದಿಯಲ್ಲಿ ಗೆರೆಗಳು ಬಿದ್ದವು. ಗೆರೆ ಬೀಳದ ಎರಡು ಸುತ್ತುಗಳಲ್ಲಿ ನಾನು ಮಾಡಿದ್ದು ಓಡಿದ್ದು. ನಮಗೆ ಕಲಿಸಿದ್ದ ಚಾಕು ಕಸಿಯುವ ವರಸೆಗಳಲ್ಲಿ ದಾಳಿಕೋರ ಒಂದೇ ಸಲ, ಉದ್ದವಾಗಿ ತಿವಿದು, ಕೈಯನ್ನು ಅಲ್ಲೇ ಬಿಟ್ಟಿರುತ್ತಾನೆ. ನನ್ನ ಗೆಳೆಯ ಎಡಗೈಯಿಂದ ನನ್ನ ಅಂಗಿ ಹಿಡಿದು ಬಲಗೈಯನ್ನು ಹೊಲಿಗೆ ಯಂತ್ರದ ಸೂಜಿಯಂತೆ ಆಡಿಸಿದ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸಬಲ್ಲ. ಅಂದರೆ ಚಾಕು ಕಂಡ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಮೂರು ವರಸೆಗಳನ್ನು ಪಟ್ಟಿಯಿಂದ ಅಳಿಸಿದೆ, ಮತ್ತು ಅವನ್ನು ಸಣ್ಣ ಮಕ್ಕಳಿಗೆ ಆತ್ಮವಿಶ್ವಾಸದಿಂದ ಕಲಿಸುವುದನ್ನು ಕಂಡರೆ ನನಗೆ ಈಗ ನಿಜಕ್ಕೂ ಭಯವಾಗುತ್ತದೆ.

ಇಬ್ಬರು ಎದುರಾದಾಗ ಉಳಿದ ದಾರಿ ಒಂದೇ: ಸದಾ ಚಲಿಸುತ್ತ, ಒಬ್ಬನ ಹಿಂದೆ ಇನ್ನೊಬ್ಬ ಬರುವಂತೆ ನಿಲ್ಲುವುದು. ಒಬ್ಬನನ್ನು ಕೆಡವಿ ಅವನೊಡನೆ ನೆಲಕ್ಕೆ ಹೋದ ಪ್ರತಿ ಸಲವೂ ಎರಡನೆಯವನು ನನ್ನ ತಲೆಯ ಬಳಿ ನಿಂತಿದ್ದ.

ಹನ್ನೊಂದು ಮತ್ತು ಹನ್ನೆರಡನೆಯ ತಿಂಗಳು: ಆರಂಭದ ಕ್ಷಣ

ಇಷ್ಟರವರೆಗೆ ನಾವು ಅಭ್ಯಾಸ ಮಾಡಿದ್ದೆಲ್ಲ ಕಾದಾಟ ಶುರುವಾದ ನಂತರದ್ದು. ಶುರುವಾಗುವುದು ಹೇಗೆಂಬುದನ್ನು ಯಾವ ತರಗತಿಯಲ್ಲೂ ಮುಟ್ಟಿರಲಿಲ್ಲ. ಗೆಳೆಯನಿಗೆ ಹೇಳಿದೆ: ಬೈಯುತ್ತಾ ಬಾ, ಏನಾದರೂ ಪ್ರಶ್ನೆ ಕೇಳುತ್ತ ಹತ್ತಿರ ಬಾ, ತಳ್ಳು, ಒಮ್ಮೊಮ್ಮೆ ಹೊಡೆ, ಒಮ್ಮೊಮ್ಮೆ ಸುಮ್ಮನೆ ಹೊರಟುಹೋಗು. ಹತ್ತು ವರ್ಷಗಳಿಂದ ಗೆಳೆಯನೆಂದು ಗೊತ್ತಿದ್ದೂ, ಅವನು ಮುಖಕ್ಕೆ ಮುಖ ಕೊಟ್ಟು ಕೂಗಿದಾಗ ನನ್ನ ಎದೆ ಬಡಿತ ಏರಿತು, ಮೊಣಕಾಲು ಬಿಗಿಯಿತು, ಕೈಗಳು ಸೊಂಟದ ಬಳಿಯೇ ಉಳಿದವು. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗಲೇ ಪೆಟ್ಟು ಬಿತ್ತು. ಆ ದಿನ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದೆ. ಇಡೀ ವರ್ಷದಲ್ಲಿ ಅಷ್ಟು ಬರೆದದ್ದು ಅದೊಂದೇ ದಿನ.

ನಂತರದ ವಾರಗಳಲ್ಲಿ ಅಭ್ಯಾಸ ಮಾಡಿದ್ದು ಇಷ್ಟು: ಮಾತು ಏರಿದೊಡನೆ ಎರಡೂ ಅಂಗೈಗಳನ್ನು ತೆರೆದು, ಸಮಾಧಾನ ಮಾಡುವವರಂತೆ ಎದೆಯ ಮಟ್ಟಕ್ಕೆ ಎತ್ತುವುದು, ಒಂದು ಕಾಲು ಹಿಂದಿಡುವುದು, ಕೈಗೆ ನಿಲುಕದ ದೂರವನ್ನು ಬಿಟ್ಟುಕೊಡದಿರುವುದು, ಗಟ್ಟಿಯಾದ ದನಿಯಲ್ಲಿ ‘ಹತ್ತಿರ ಬರಬೇಡಿ’ ಎನ್ನುವುದು. ಆ ಕೈಗಳು ಜಗಳಕ್ಕೆ ಕರೆಯುವುದಿಲ್ಲ, ಆದರೂ ಅವು ಆಗಲೇ ಗಾರ್ಡ್‌ನ, ಅಂದರೆ ಪೆಟ್ಟು ತಡೆಯುವ ನಿಲುವಿನ, ಜಾಗದಲ್ಲಿರುತ್ತವೆ. ಒತ್ತಡದಲ್ಲಿ ನನ್ನ ವರಸೆಗಳು ತಾವಾಗಿಯೇ ಕಡಿಮೆಯಾದವು, ಉಳಿದದ್ದು ನಾಲ್ಕು. ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ತಡವಾಗುತ್ತದೆಂದು ಮನಶ್ಶಾಸ್ತ್ರಜ್ಞ ವಿಲಿಯಂ ಎಡ್ಮಂಡ್ ಹಿಕ್ 1952ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ದೀರ್ಘ ಅಭ್ಯಾಸ ಆ ವಿಳಂಬವನ್ನು ತಗ್ಗಿಸುತ್ತದೆ ನಿಜ, ಆದರೆ ವಾರಕ್ಕೆ ನಾಲ್ಕು ದಿನ ಅಭ್ಯಾಸ ಮಾಡುವ ನನಗೆ ನಾಲ್ಕೇ ಸಾಕು.

ಹದಿಮೂರನೆಯ ತಿಂಗಳು

ವಾಹನ ನಿಲ್ಲಿಸುವ ಜಾಗದ ವಿಷಯಕ್ಕೆ ಅಪರಿಚಿತರೊಬ್ಬರು ಕೂಗುತ್ತ ಬಂದು ನನ್ನ ಅಂಗಿಯ ಎದೆಭಾಗವನ್ನು ಹಿಡಿದರು. ಕೈಗಳು ಆಗಲೇ ಮೇಲಿದ್ದವು. ಜೂಡೋದಲ್ಲಿ ದಿನವೂ ಮಾಡುವಂತೆ ಬೆನ್ನು ನೆಟ್ಟಗಿಟ್ಟು, ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಸೊಂಟ ತಿರುಗಿಸಿ ಹಿಡಿತ ಬಿಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಗಟ್ಟಿಯಾಗಿ ಬೇಡವೆಂದು ಹೇಳಿದೆ. ಅವರು ಇನ್ನಷ್ಟು ಬೈದು ಹೋದರು. ನಾನು ಒಂದು ಪೆಟ್ಟನ್ನೂ ಹೊಡೆಯಲಿಲ್ಲ. ಆಮೇಲೆ ಸುಮಾರು ಅರ್ಧ ಗಂಟೆ ಕೈ ನಡುಗುತ್ತಿತ್ತು. ಇದನ್ನು ನಾನು ಪುರಾವೆಯೆಂದು ಲೆಕ್ಕ ಹಾಕುವುದಿಲ್ಲ; ಅವರಿಗೆ ಹೊಡೆಯುವ ಉದ್ದೇಶ ಇತ್ತೋ ಇಲ್ಲವೋ ತಿಳಿಯದು. ಆದರೆ ಕೈ ಎತ್ತಲು ನಾನು ಯೋಚಿಸಬೇಕಾಗಲಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಹದಿನಾಲ್ಕನೆಯ ತಿಂಗಳು: ಈಗಿನ ಪಟ್ಟಿ

ಬೀಳುವ ವಿದ್ಯೆಯ ಜೊತೆಗೆ ಉಳಿದ ನಾಲ್ಕು: ತೆರೆದ ಕೈಗಳ ನಿಲುವು, ಹಿಡಿತ ಬಿಡಿಸಿಕೊಂಡು ಪಕ್ಕಕ್ಕೆ ಸರಿಯುವುದು, ತೋಳನ್ನು ಎಳೆದು ಅಂಗೈಯಿಂದ ಹೊಡೆಯುವುದು, ಒಸೋತೊ ಗಾರಿ. ಇವುಗಳಲ್ಲಿ ಕೊನೆಯದರ ಬಗ್ಗೆ ನನಗಿನ್ನೂ ಸಂದೇಹವಿದೆ. ಜೂಡೋ ಉಡುಪಿನ ದಪ್ಪ ಕಾಲರ್ ಹಿಡಿದು ಕಲಿತದ್ದು ತೆಳುವಾದ ಅಂಗಿಯ ಮೇಲೆ ಹೇಗೆ ನಡೆಯುತ್ತದೆಂದು ನೋಡಿಲ್ಲ, ಮತ್ತು ಮ್ಯಾಟಿನ ಮೇಲೆ ಬರಿಗಾಲಿನಲ್ಲಿ ಆಡಿದ್ದೇ ಹೊರತು ಬೂಟು ಹಾಕಿಕೊಂಡು ಆಡಿಲ್ಲ. ಗಟ್ಟಿ ನೆಲದ ಮೇಲೆ ಗೆಳೆಯನನ್ನು ಕೆಡವುವಂತಿಲ್ಲವಾದ್ದರಿಂದ, ಮುಂದಿನ ತಿಂಗಳು ಹಳೆಯ ಅಂಗಿಗಳನ್ನೂ ತೊಳೆದ ಬೂಟುಗಳನ್ನೂ ಮ್ಯಾಟಿಗೆ ತಂದು, ಬಟ್ಟೆ ಹರಿದರೂ ಪರವಾಗಿಲ್ಲವೆಂದು ಮೂವರೂ ಒಪ್ಪಿಕೊಂಡು ಆ ಪರೀಕ್ಷೆಯನ್ನು ಶುರುಮಾಡುತ್ತೇವೆ.