ಶೇಕಡಾ ಎಂಟೂವರೆ ಎಲ್ಲಿ ಅಡಗಿದೆ? ಬೆಲ್ಜಿಯನ್ ಗೋಲ್ಡನ್ ಏಲ್ ರುಚಿ ನೋಡುವ ಬಗೆ

ಬಣ್ಣ ನೋಡಿದರೆ ಸಾದಾ ಪಿಲ್ಸ್ನರ್, ಅಂದರೆ ತಿಳಿಹಳದಿಯ ಹಗುರ ಬಿಯರ್. ಲೇಬಲ್ ನೋಡಿದರೆ ಶೇ. 8.5 ಆಲ್ಕೋಹಾಲ್. ಬೆಲ್ಜಿಯನ್ ಗೋಲ್ಡನ್ ಸ್ಟ್ರಾಂಗ್ ಏಲ್ ಎಂಬ ಬಿಯರ್ ಮಾಡುವವರ ಕಸುಬೆಲ್ಲ ಈ ಎರಡರ ನಡುವಿನ ಅಂತರವನ್ನು ಮುಚ್ಚುವುದರಲ್ಲಿದೆ. ಹಾಗಾಗಿ ಇದರ ರುಚಿ ನೋಡುವವರು ಕೇಳಿಕೊಳ್ಳಬೇಕಾದ ದೊಡ್ಡ ಪ್ರಶ್ನೆ ಒಂದೇ: ನುಂಗಿದ ಮೇಲೆ ಬಾಯಿ ಒಣಗಿತೇ, ಅಂಟಿತೇ? ಒಣಗಿದರೆ ಬಿಯರ್ ಗೆದ್ದಿದೆ. ಅಂಟಿದರೆ ಪರಿಮಳ ಎಷ್ಟೇ ಸೊಗಸಾಗಿರಲಿ, ಅದು ಬೇರೆ ಯಾವುದೋ ಬಗೆಯ ಬಿಯರ್.

ಈ ಬಗೆಗೆ ಅಳತೆಗೋಲು ಡುವೆಲ್ ಎಂಬ ಬಿಯರ್. ಅಲ್ಲಿನ ಆಡುಮಾತಿನಲ್ಲಿ ಆ ಹೆಸರಿಗೆ ದೆವ್ವ ಎಂದರ್ಥ. 1871ರಲ್ಲಿ ಶುರುವಾದ ಮೋರ್ಟ್‌ಗಾಟ್ ಬ್ರೂವರಿ ಬೆಲ್ಜಿಯಂನ ಬ್ರೀನ್‌ಡಾಂಕ್‌ನಲ್ಲಿದೆ. ಮೊದಲ ಮಹಾಯುದ್ಧದ ನಂತರ ಸ್ಕಾಟ್ಲೆಂಡಿನಿಂದ ತಂದ ಯೀಸ್ಟಿನಿಂದ ಅಲ್ಲಿ ಮಾಡಿದ ಏಲ್‌ಗೆ 1923ರಲ್ಲಿ ಈ ಹೆಸರು ಬಂತು. ಆಗ ಅದು ಕಂದುಬಣ್ಣದ್ದು. ಈಗಿನ ತಿಳಿಹೊಂಬಣ್ಣ ಬಂದದ್ದು 1970ರ ಹೊತ್ತಿಗೆ. ಮೆಲ್ಲೆಯ ಹೊಯ್ಘೆ ಬ್ರೂವರಿಯ ಡೆಲಿರಿಯಂ ಟ್ರೆಮೆನ್ಸ್ ಕೂಡ ಶೇ. 8.5ರದ್ದೇ, ಆದರೆ ಡುವೆಲ್‌ಗಿಂತ ಕೊಂಚ ದುಂಡಗೆ, ಕೊಂಚ ಸಿಹಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೆ ಈ ಬಗೆಯ ಎರಡು ಅಂಚುಗಳು ಗೊತ್ತಾಗುತ್ತವೆ. ಲೂಸಿಫರ್, ಜೂಡಸ್ ಎಂದೆಲ್ಲ ಹೆಸರಿಟ್ಟು ಡುವೆಲ್‌ನ ದೆವ್ವದ ಬೆನ್ನು ಹತ್ತಿದವರು ಬೇಕಾದಷ್ಟಿದ್ದಾರೆ. ಹೆಸರಿನ ಅಬ್ಬರ ನೋಡಿ ಬಿಯರಿನ ಗುಣ ಹೇಳಲಾಗದು.

ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ಈ ಬಿಯರ್ ಬಾಟಲಿಯೊಳಗೇ ಎರಡನೇ ಸಲ ಹುದುಗುವುದರಿಂದ ತಳದಲ್ಲಿ ಯೀಸ್ಟಿನ ಗಷ್ಟು ಇರುತ್ತದೆ. ಮಲಗಿಸಿಟ್ಟರೆ ಅದು ಪಕ್ಕಕ್ಕೆ ಹಬ್ಬಿ, ಬಗ್ಗಿಸಿದ ಕೂಡಲೇ ಲೋಟಕ್ಕೆ ಇಳಿಯುತ್ತದೆ. ಸುರಿಯುವಾಗ ಬಿಯರ್ 7–8 ಡಿಗ್ರಿ ಸೆಲ್ಸಿಯಸ್ ಇರಲಿ. ಫ್ರಿಜ್ಜಿನಿಂದ ನೇರ ತೆಗೆದ 3–4 ಡಿಗ್ರಿಯಲ್ಲಿ ಪರಿಮಳ ಏಳುವುದೇ ಇಲ್ಲ, ಕಹಿಯೊಂದೇ ಎದ್ದು ಕಾಣುತ್ತದೆ. 15 ಡಿಗ್ರಿಯಲ್ಲಿ ಶುರು ಮಾಡಿದರೆ ನೊರೆ ಉಕ್ಕಿ ಅರ್ಧ ಬಿಯರ್ ಮೇಜಿನ ಮೇಲೆ.

ಲೋಟ ಟ್ಯುಲಿಪ್ ಆಕಾರದ್ದು, ದೊಡ್ಡದು. 330 ಮಿ.ಲೀ. ಬಾಟಲಿಗೆ 500 ಮಿ.ಲೀ. ಹಿಡಿಯುವ ಲೋಟ ಬೇಕು ಅಂದರೆ ಅತಿ ಅನ್ನಿಸಬಹುದು. ಉಳಿದ ಜಾಗವೆಲ್ಲ ನೊರೆಗೆ. ಲೋಟದಲ್ಲಿ ಸೋಪಿನ ಅಂಶವಾಗಲಿ ಜಿಡ್ಡಾಗಲಿ ಇದ್ದರೆ ನೊರೆಯ ಬಗ್ಗೆ ನೀವು ಬರೆಯುವುದೆಲ್ಲ ಸುಳ್ಳಾಗುತ್ತದೆ. ಒಳಗೋಡೆಗೆ ಗುಳ್ಳೆಗಳು ಗುಂಪುಗುಂಪಾಗಿ ಅಂಟಿ ನಿಂತಿದ್ದರೆ ಲೋಟ ಶುದ್ಧವಿಲ್ಲ ಎಂದೇ ಅರ್ಥ. ತಣ್ಣೀರಿನಲ್ಲಿ ಜಾಲಿಸಿ, ಒರೆಸದೆ ಬಗ್ಗಿಸಿ ಸುರಿಯಿರಿ. ಮೊದಲ ಮುಕ್ಕಾಲು ಭಾಗ ಗೋಡೆಗುಂಟ ನಿಧಾನಕ್ಕೆ, ಆಮೇಲೆ ಲೋಟ ನೆಟ್ಟಗೆ ಮಾಡಿ ನಡುವಿಗೆ. ಬಾಟಲಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಉಳಿಸಿ, ಅದನ್ನು ಚಿಕ್ಕ ಲೋಟಕ್ಕೆ ಬೇರೆ ಹಾಕಿಡಿ. ಆಮೇಲೆ ಬೇಕಾಗುತ್ತದೆ.

ನೋಟಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ತಿಳಿಹಳದಿಯಿಂದ ಹೊಂಬಣ್ಣ, ಹಿಂದಿರುವ ಬೆರಳು ಕಾಣುವಷ್ಟು ತಿಳಿ, ಬಿಳಿ ನೊರೆ. ಆ ನೊರೆ ಮಾತ್ರ ಗಟ್ಟಿಯಾಗಿ, ಗುಡ್ಡದಂತೆ ನಿಂತು, ಇಳಿಯುವಾಗ ಗಾಜಿನ ಮೇಲೆ ಬಲೆ ಬಿಡಬೇಕು. ಬಣ್ಣ ತಾಮ್ರದ ಕಡೆ ವಾಲಿದ್ದರೆ ಹಳತಾಗಿ ಆಮ್ಲಜನಕ ತಾಗಿರಬಹುದು, ಇಲ್ಲವೇ ಬ್ರೂವರ್ ಬೇಡದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಹಾಕಿದ್ದಾನೆ.

ಮೂಗಿಗೆ ಬರೋಣ. ನೊರೆ ಇಳಿಯುವ ಮುನ್ನವೇ ಮೊದಲ ಸಲ ಮೂಸಿ. ಬೇಗ ಹಾರಿಹೋಗುವ ವಾಸನೆಗಳು ಆಗಷ್ಟೇ ಸಿಗುವುದು. ಸುಟ್ಟ ಬೆಂಕಿಕಡ್ಡಿಯ ಗಂಧಕದ ಎಳೆ ಮೊದಲ ಅರ್ಧ ನಿಮಿಷ ಇದ್ದು ಮಾಯವಾದರೆ ಅದಕ್ಕೆ ಅಂಕ ಕಳೆಯಬೇಡಿ. ಆಮೇಲೆ ಪೇರ್, ಸೇಬು, ಕಿತ್ತಳೆ ಸಿಪ್ಪೆ. ಇವು ಯೀಸ್ಟ್ ಕೊಡುವ, ಹಣ್ಣಿನ ವಾಸನೆಯ ಎಸ್ಟರ್‌ಗಳು. ಅವುಗಳ ಹಿಂದೆ ಕರಿಮೆಣಸು, ತೆಳುವಾಗಿ ಲವಂಗ. ಇವು ಫೀನಾಲ್‌ಗಳು, ಲವಂಗದ್ದು ಮುಖ್ಯವಾಗಿ 4-ವೈನೈಲ್ ಗ್ವಾಯಕಾಲ್. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಗಿಡದ ಹೂವು ಇಲ್ಲಿ ಹೂವಿನಂತೆ, ಹುಲ್ಲಿನಂತೆ ಮೆತ್ತಗೆ. ಡುವೆಲ್‌ನಲ್ಲಿರುವ ಸಾಜ್ ಮತ್ತು ಸ್ಟೈರಿಯನ್ ಗೋಲ್ಡಿಂಗ್ ಎರಡೂ ಕೂಗಾಡುವ ತಳಿಗಳಲ್ಲ. ಮಾಲ್ಟ್ ಎಲ್ಲಕ್ಕಿಂತ ಹಿಂದೆ, ಪಿಲ್ಸ್ನರ್ ಮಾಲ್ಟಿನ ಹಸಿ ಧಾನ್ಯದ ವಾಸನೆಯಾಗಿ.

ಸೇಬಿನ ವಿಷಯದಲ್ಲಿ ಅನುಭವಸ್ಥರೂ ಎಡವುತ್ತಾರೆ. ಮಾಗಿದ ಸೇಬಿನ ಪರಿಮಳ ಈಥೈಲ್ ಹೆಕ್ಸನೊಯೇಟ್‌ನದು, ಅದು ಇರಬೇಕಾದದ್ದೇ. ಆಗತಾನೇ ಕತ್ತರಿಸಿದ ಹಸಿರು ಸೇಬಿನ ಚುಚ್ಚುವ ವಾಸನೆ ಅಸಿಟಾಲ್ಡಿಹೈಡ್‌ನದು. ಹುದುಗುವಿಕೆ ಮುಗಿಯುವ ಮುನ್ನ ಯೀಸ್ಟಿನಿಂದ ಬೇರ್ಪಡಿಸಿದರೆ ಅದು ಹಾಗೇ ಉಳಿಯುತ್ತದೆ. ಗುರುತಿಸುವ ಉಪಾಯ: ಲೋಟ ಬೆಚ್ಚಗಾದಂತೆ ಮೊದಲನೆಯದು ದುಂಡಗಾಗಿ ಸಿಹಿಹಣ್ಣಿನ ಕಡೆ ಹೋಗುತ್ತದೆ, ಎರಡನೆಯದು ಬಣ್ಣದ ಡಬ್ಬಿಯ ಕಡೆ.

ಬಾಳೆಹಣ್ಣು? ಇರಬಹುದು, ಸುಳಿದು ಹೋಗುವಷ್ಟು. ಐಸೋಅಮೈಲ್ ಅಸಿಟೇಟ್ ಮುಂದೆ ಬಂದು ನಿಂತರೆ ಜರ್ಮನ್ ಗೋಧಿ ಬಿಯರ್ ನೆನಪಾಗುತ್ತದೆ, ಇಲ್ಲಿ ಅದು ಸಲ್ಲದು. ಉಗುರುಬಣ್ಣ ಅಳಿಸುವ ದ್ರವದ ಘಾಟು ಬಂದರೆ ಅದು ಈಥೈಲ್ ಅಸಿಟೇಟ್. ಸಾಮಾನ್ಯವಾಗಿ ಯೀಸ್ಟ್ ಕಡಿಮೆ ಹಾಕಿದ್ದು, ಮೊದಲ ಎರಡು ದಿನ ಬಿಸಿ ಕೈಮೀರಿದ್ದು ಅದಕ್ಕೆ ಕಾರಣ.

ಈಗ ಬಾಯಿಗೆ. ಮೊದಲ ಗುಟುಕು ಚಿಕ್ಕದಿರಲಿ, ಅದರ ಬಗ್ಗೆ ಏನೂ ಬರೆಯಬೇಡಿ. ಈ ಬಿಯರಿನ ಗ್ಯಾಸ್ ಎಷ್ಟು ಜೋರೆಂದರೆ ನಾಲಗೆ ಮೊದಲು ಬೆಚ್ಚಿಬೀಳುತ್ತದೆ. ಸಾಮಾನ್ಯ ಬಿಯರಿನಲ್ಲಿ ತನ್ನ ಗಾತ್ರದ ಎರಡೂವರೆ ಪಟ್ಟು ಇಂಗಾಲದ ಡೈಆಕ್ಸೈಡ್ ಕರಗಿದ್ದರೆ ಇಲ್ಲಿ ನಾಲ್ಕು ಪಟ್ಟಿನ ಆಸುಪಾಸು. ಆ ಚುರುಕು ಸಿಹಿಯನ್ನು ಮರೆಮಾಡುತ್ತದೆ, ಕಹಿಗೆ ಅಂಚು ಕೊಡುತ್ತದೆ, ಬಿಯರನ್ನು ಹಗುರ ಮಾಡುತ್ತದೆ. ಎರಡನೇ ಗುಟುಕಿನಿಂದ ಕ್ರಮವಾಗಿ ಗಮನಿಸಿ: ಮುಂದೆ ಹಣ್ಣು, ನಡುವೆ ಮೆಣಸು, ಕೊನೆಗೆ ಹಾಪ್ಸ್ ಕಹಿ, ಆಮೇಲೆ ಒಣ. ಆಲ್ಕೋಹಾಲ್ ಎದೆಯಲ್ಲಿ ಬೆಚ್ಚಗೆ ಗೊತ್ತಾಗಬೇಕು. ಗಂಟಲಲ್ಲಿ ಉರಿದರೆ ತಪ್ಪು.

ಗ್ಯಾಸ್ ಏನನ್ನು ಮುಚ್ಚಿಟ್ಟಿದೆ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ, ಮಾಡುವವರು ಕಡಿಮೆ. 50 ಮಿ.ಲೀ. ಬಿಯರನ್ನು ಎರಡು ಲೋಟಗಳ ನಡುವೆ ಎಂಟು-ಹತ್ತು ಸಲ ಎತ್ತಿ ಹೊಯ್ಯಿರಿ, ಕಾಫಿ ಆರಿಸಿದ ಹಾಗೆ. ನೊರೆ ಇಳಿದ ಮೇಲೆ ಕುಡಿಯಿರಿ. ಒಳ್ಳೆಯ ಗೋಲ್ಡನ್ ಏಲ್ ಆಗಲೂ ತೆಳುವಾಗಿ, ಒಣದಾಗಿ ಉಳಿಯುತ್ತದೆ. ಸಪ್ಪೆ ಅನ್ನಿಸಬಹುದು, ಪಾಕ ಅನ್ನಿಸಬಾರದು. ತುಟಿ ಒಂದಕ್ಕೊಂದು ಅಂಟಿದರೆ ಸಕ್ಕರೆ ಉಳಿದಿದೆ. ಆಲ್ಕೋಹಾಲಿಗೂ ತನ್ನದೇ ತೆಳು ಸಿಹಿ ಇರುವುದರಿಂದ ನಾಲಗೆಯ ಸಿಹಿಯೊಂದನ್ನೇ ನಂಬಬೇಡಿ, ಅಂಟು ನೋಡಿ.

ಒಣತನ ಬರುವುದು ಎಲ್ಲಿಂದ? ಸಾದಾ ಸಕ್ಕರೆಯಿಂದ. ಸಕ್ಕರೆ ಹಾಕಿದರೆ ಬಿಯರ್ ಸಿಹಿಯಾಗುತ್ತದೆ ಎಂದುಕೊಳ್ಳುವವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಯೀಸ್ಟ್ ಸಕ್ಕರೆಯನ್ನು ಪೂರ್ತಿ ತಿಂದುಬಿಡುತ್ತದೆ, ಮಾಲ್ಟಿನಲ್ಲಿರುವ, ತಾನು ಹುದುಗಿಸಲಾರದ ಡೆಕ್ಸ್‌ಟ್ರಿನ್‌ಗಳನ್ನು ಬಿಡುತ್ತದೆ. 20 ಲೀಟರಿಗೆ 4.6 ಕಿಲೋ ಪಿಲ್ಸ್ನರ್ ಮಾಲ್ಟ್, 1 ಕಿಲೋ ಸಕ್ಕರೆ ಹಾಕಿದರೆ, ಮಾಲ್ಟಿನಿಂದ ನೂರಕ್ಕೆ 75ರಷ್ಟು ಸತ್ವ ಇಳಿಯುತ್ತದೆ ಎಂದುಕೊಂಡರೆ, ಆರಂಭದ ಸಾಂದ್ರತೆ (ನೀರನ್ನು 1.000 ಎಂದಿಟ್ಟುಕೊಂಡಾಗ) 1.072ರ ಹತ್ತಿರ. ಕೊನೆಗೆ 1.006ಕ್ಕೆ ಇಳಿದರೆ ಆಲ್ಕೋಹಾಲ್ ಶೇ. 8.6ರ ಸುಮಾರು. ಅದೇ 1.072 ಅನ್ನು ಬರೀ ಮಾಲ್ಟಿನಿಂದ ತಂದರೆ 1.014ರಲ್ಲಿ ನಿಂತುಬಿಡುವ ಸಂಭವವೇ ಹೆಚ್ಚು. ಆಗ ಶೇ. 7.6, ಜೊತೆಗೆ ಭಾರ. ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವುದು) ಕೂಡ 64–65 ಡಿಗ್ರಿಯಲ್ಲಿ 75–90 ನಿಮಿಷ, ಹುದುಗುವ ಸಕ್ಕರೆ ಹೆಚ್ಚಾಗಲೆಂದು. 68 ಡಿಗ್ರಿಗೆ ಏರಿಸಿದವರ ಬಿಯರ್ ಆ ಗ್ಯಾಸ್ ತೆಗೆದ ಲೋಟದಲ್ಲಿ ಸಿಕ್ಕಿಬೀಳುತ್ತದೆ.

ಹುದುಗಿಸುವ ಬಿಸಿಯೇ ಇನ್ನೊಂದು ಕೀಲಿ. 18 ಡಿಗ್ರಿಯಲ್ಲಿ ಯೀಸ್ಟ್ ಹಾಕಿ, ಮೊದಲ ಎರಡು ದಿನ 20 ದಾಟದಂತೆ ಹಿಡಿದು, ಆಮೇಲೆ ನಾಲ್ಕೈದು ದಿನಗಳಲ್ಲಿ 25–26ಕ್ಕೆ ಏರಲು ಬಿಡಬೇಕು. ಯೀಸ್ಟ್ ಬೆಳೆಯುವ ಮೊದಲ ಘಟ್ಟದಲ್ಲೇ ಬಿಸಿಯಾದರೆ ಫ್ಯೂಸೆಲ್ ಎಂಬ ಘಾಟಿನ ಆಲ್ಕೋಹಾಲ್‌ಗಳು ಹುಟ್ಟುತ್ತವೆ. ಗಂಟಲ ಉರಿಯೂ ಮರುದಿನ ತಲೆನೋವು ತಂದೀತೆಂಬ ಗುಮಾನಿಯೂ ಇವುಗಳ ಲೆಕ್ಕಕ್ಕೇ ಬೀಳುವುದು. ಕೊನೆಗೆ ತಣ್ಣಗಾದರೆ ಯೀಸ್ಟ್ ಮಲಗಿ, 1.015ರಲ್ಲಿ ಕೆಲಸ ನಿಲ್ಲಿಸುತ್ತದೆ. ಲೋಟದಲ್ಲಿ ಉರಿ ಸಿಕ್ಕರೆ ಆರಂಭದ ತಪ್ಪು, ಅಂಟು ಸಿಕ್ಕರೆ ಬಹುಪಾಲು ಕೊನೆಯ ತಪ್ಪು. ಮನೆಯಲ್ಲಿ ಮಾಡಿದವರಿಗೆ ಅಭಿಪ್ರಾಯ ಬರೆದುಕೊಡುವಾಗ ಈ ಭೇದ ಹೇಳಿದರೆ 'ಚೆನ್ನಾಗಿದೆ, ಸ್ವಲ್ಪ ಹಾಟ್' ಎನ್ನುವುದಕ್ಕಿಂತ ಎಷ್ಟೋ ಉಪಯೋಗ.

ಉಳಿದ ದೋಷಗಳನ್ನು ಬೇಗ ಹೇಳಿಬಿಡಬಹುದು. ಬೇಯಿಸಿದ ಮೆಕ್ಕೆಜೋಳದ ವಾಸನೆ ಡಿಎಂಎಸ್, ಅಂದರೆ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ. ಪಿಲ್ಸ್ನರ್ ಮಾಲ್ಟಿನಲ್ಲಿ ಅದರ ಮೂಲವಸ್ತು ಹೆಚ್ಚು, ಮುಚ್ಚಳ ತೆಗೆದು 90 ನಿಮಿಷ ಕುದಿಸಿದರೆ ಹೋಗುತ್ತದೆ. ಬೆಣ್ಣೆಯ ಜಿಡ್ಡು ಡೈಅಸಿಟೈಲ್. ಒದ್ದೆ ರಟ್ಟಿನ ಸಪ್ಪೆತನ ಆಮ್ಲಜನಕದ್ದು, ತಿಳಿಬಣ್ಣದ ಬಿಯರಿನಲ್ಲಿ ಅದಕ್ಕೆ ಅಡಗಲು ಜಾಗವಿಲ್ಲ. ಹಸಿರು ಬಾಟಲಿ ಬೆಳಕಿನಲ್ಲಿದ್ದರೆ ಹಾಪ್ಸ್ ಕೆಟ್ಟು ಸ್ಕಂಕ್ ಪ್ರಾಣಿಯ ನಾತ. ಮುಚ್ಚಳ ತೆಗೆದ ಕೂಡಲೇ ಕಾರಂಜಿ ಎದ್ದರೆ ಬಾಟಲಿಗೆ ಸಕ್ಕರೆ ಹೆಚ್ಚಾಗಿದೆ, ಇಲ್ಲವೇ ಕಾಡು ಯೀಸ್ಟ್ ಸೇರಿದೆ. ಎರಡನೆಯದಾದರೆ ಬಿಯರ್ ತೀರಾ ತೆಳುವಾಗಿ, ಪ್ಲಾಸ್ಟಿಕ್ಕಿನ ಅಥವಾ ಹೊಗೆಯ ಫೀನಾಲ್ ಜೊತೆ ಬರುತ್ತದೆ. ನಾಲ್ಕು ಪಟ್ಟು ಗ್ಯಾಸಿಗೆ ಲೀಟರಿಗೆ ಸುಮಾರು 12 ಗ್ರಾಂ ಸಕ್ಕರೆ ಬೇಕು. ಆ ಒತ್ತಡಕ್ಕೆ ದಪ್ಪ ಗಾಜಿನ ಬಾಟಲಿಯೇ ಆಗಬೇಕು, ತೆಳು ಬಾಟಲಿಗಳು ಸಿಡಿಯುತ್ತವೆ.

ಬೆಲ್ಜಿಯಂನದೇ ಇನ್ನೊಂದು ಬಲವಾದ ಏಲ್ ಆದ ಟ್ರಿಪೆಲ್ ಜೊತೆಗಿನ ಗೊಂದಲ ಮುಗಿಯುವಂಥದ್ದಲ್ಲ. ವೆಸ್ಟ್‌ಮಲ್ಲೆ ಟ್ರಿಪೆಲ್ ಶೇ. 9.5, ಅದೂ ಹೊಂಬಣ್ಣ, ಅದೂ ಒಣ. ವ್ಯತ್ಯಾಸ ಒತ್ತಿನಲ್ಲಿದೆ: ಟ್ರಿಪೆಲ್‌ಗೆ ಬಣ್ಣ ಕೊಂಚ ಗಾಢ, ಮೈ ಕೊಂಚ ತುಂಬಿದ್ದು, ಮಸಾಲೆ ಮುಂದೆ. ಗೋಲ್ಡನ್‌ಗೆ ಹಣ್ಣು ಮುಂದೆ, ಮೈ ತೆಳು, ಕೊನೆ ಇನ್ನೂ ಚುರುಕು. ಕಣ್ಣು ಕಟ್ಟಿ ಕೊಟ್ಟರೆ ಎಲ್ಲ ಬ್ರೂವರಿಗಳ ಬಿಯರನ್ನೂ ಸರಿಯಾಗಿ ವಿಂಗಡಿಸಲಾಗದು, ವಿಂಗಡಿಸಬಲ್ಲೆ ಎನ್ನುವವರ ಮಾತನ್ನು ಅರ್ಧಕ್ಕೆ ನಿಲ್ಲಿಸಬಹುದು. ಅನುಮಾನವಿದ್ದರೆ ಮೂರು ಲೋಟ ಇಡಿ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಹುಡುಕಲು ಹೇಳಿ. ಊಹೆಯಿಂದಲೇ ಮೂರರಲ್ಲೊಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸುತ್ತಿನ ಗೆಲುವಿಗೆ ಬೆಲೆ ಇಲ್ಲ.

ಅಂಕ ಹಾಕುವವರು ಬಹುಮಟ್ಟಿಗೆ ಬಳಸುವುದು ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂನ, ಅಂದರೆ ಬಿಜೆಸಿಪಿಯ, 50ರ ಹಾಳೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ಆಲ್ಕೋಹಾಲ್ ಶೇ. 7.5ರಿಂದ 10.5, ಕಹಿ 22ರಿಂದ 35 ಐಬಿಯು ಎಂದು ಅವರ ಮಾರ್ಗಸೂಚಿ. ಬಾಯಿಯ ಅನುಭವಕ್ಕೆ ಬರೀ 5 ಅಂಕ ಈ ಬಗೆಗೆ ಅನ್ಯಾಯವೇ ಸರಿ, ಏಕೆಂದರೆ ಗ್ಯಾಸ್, ತೆಳು ಮೈ, ಬಿಸಿ ಎಲ್ಲ ಅಲ್ಲೇ ಕೂತಿವೆ. ಒಣ ಕೊನೆಯನ್ನು ರುಚಿಯ 20ರೊಳಗೆ ಬಲವಾಗಿ ಲೆಕ್ಕ ಹಿಡಿದರೆ ಅದು ಸ್ವಲ್ಪ ಸರಿಹೋಗುತ್ತದೆ. ಪರಿಮಳದ ಅಬ್ಬರಕ್ಕೆ ಸೋತು 10–11 ಕೊಟ್ಟು, ಸಿಹಿ ಕೊನೆಗೆ ಒಂದೇ ಅಂಕ ಕಳೆಯುವುದು ಹೊಸಬರ ಅಭ್ಯಾಸ.

ಒಂದು ಕೂಟದಲ್ಲಿ ನಾಲ್ಕಕ್ಕಿಂತ ಹೆಚ್ಚು ಬೇಡ, ಪ್ರತಿಯೊಂದೂ 60–80 ಮಿ.ಲೀ. ಸಾಕು. 330 ಮಿ.ಲೀ.ನ ಒಂದು ಬಾಟಲಿಯಲ್ಲೇ ಸುಮಾರು 22 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ರುಚಿ ಹಗುರವಾಗಿರುವುದರಿಂದ ಅದು ಲೆಕ್ಕಕ್ಕೆ ಸಿಗದೆ ಏರುತ್ತದೆ. ವಾಹನ ಓಡಿಸುವವರು ಉಗುಳುವುದಲ್ಲ, ಕೂರುವುದೇ ಬೇಡ. ನಡುವೆ ನೀರು, ಉಪ್ಪಿಲ್ಲದ ಬ್ರೆಡ್. ತೆಳುವಾದದ್ದು ಮೊದಲು, ಶೇ. 10.5ರ ಪಿರಾಟ್‌ನಂಥದ್ದು ಕೊನೆಗೆ.

ಇಪ್ಪತ್ತು ನಿಮಿಷ ಬಿಟ್ಟು, ಲೋಟ 13–14 ಡಿಗ್ರಿಗೆ ಬಂದಾಗ, ಎಲ್ಲವನ್ನೂ ಮತ್ತೊಮ್ಮೆ ಮೂಸಿ ಗುಟುಕರಿಸಿ. ತಣ್ಣಗಿದ್ದಾಗ ಸುಮ್ಮನಿದ್ದ ಫ್ಯೂಸೆಲ್ ಈಗ ಬಾಯಿಬಿಡುತ್ತದೆ. ಹಾಗಾಗಿ ಅಂಕ ಅಂತಿಮ ಮಾಡುವುದು ಈಗಲೇ. ಕಡೆಗೆ ಬೇರೆ ಇಟ್ಟಿದ್ದ ಗಷ್ಟಿನ ಲೋಟ: ಬ್ರೆಡ್ಡಿನ ಹಿಟ್ಟಿನಂಥ ವಾಸನೆ, ಮಂದ ಕಹಿ ಇದ್ದರೆ ಯೀಸ್ಟ್ ಆರೋಗ್ಯವಾಗಿದೆ. ಸೋಯಾ ಸಾಸ್ ಅಥವಾ ಸುಟ್ಟ ರಬ್ಬರಿನ ನಾತ ಬಂದರೆ ಯೀಸ್ಟ್ ಸತ್ತು ಒಡೆಯತೊಡಗಿದೆ, ಆ ಪೆಟ್ಟಿಗೆಯಲ್ಲಿ ಉಳಿದ ಬಾಟಲಿಗಳನ್ನು ಇನ್ನಷ್ಟು ದಿನ ಇಡುವುದರಲ್ಲಿ ಲಾಭವಿಲ್ಲ.