ಒಂದೇ ಕಮಾಂಡಿಗೆ ಹೋದ ಹೆಸರು

ಬೆಂಗಳೂರಿನಲ್ಲಿ ಆರು ವರ್ಷ ಬ್ಯಾಂಕಿನ ಡೇಟಾ ಕ್ಲೀನ್ ಮಾಡುತ್ತಿದ್ದವನು ನಾನು. ಬರ್ಲಿನ್‌ಗೆ ಬಂದ ಮೇಲೆ ಹಳೆ ದಾಖಲೆಗಳ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. 1941ರ ಅಕ್ಟೋಬರ್ 18ರಂದು ಇಲ್ಲಿನ ಗ್ರುನೆವಾಲ್ಡ್ ಸ್ಟೇಷನ್ನಿಂದ ಯಹೂದಿಗಳನ್ನು ತುಂಬಿಕೊಂಡು ಮೊದಲ ರೈಲು ಹೊರಟಿತ್ತು. ಆಮೇಲೆ ಒಂದರ ಹಿಂದೆ ಒಂದು. ಸಾಯಲು ಕಳಿಸುವವರ ವಯಸ್ಸು, ಕಸುಬು, ಮನೆ ವಿಳಾಸ ಎಲ್ಲವನ್ನೂ ಹಿಟ್ಲರನ ನಾಜಿ ಅಧಿಕಾರಿಗಳು ಟೈಪ್ ಮಾಡಿಸಿ ಇಟ್ಟಿದ್ದರು. ಆ ಪಟ್ಟಿಗಳನ್ನು ನೋಡಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ.

ಎರಡನೇ ದಿನ ಗಮನಿಸಿದೆ. ಹೆಂಗಸರ ಹೆಸರಿಗೆಲ್ಲ ‘ಸಾರಾ’, ಗಂಡಸರ ಹೆಸರಿಗೆಲ್ಲ ‘ಇಸ್ರೇಲ್’. ನಮ್ಮ ನಿಂಗಪ್ಪ, ನಿಂಗಮ್ಮನ ಹಾಗೆ ಏನೋ ವಾಡಿಕೆ ಇರಬೇಕು ಅಂದುಕೊಂಡೆ. ಎಲ್ಲ ಸಾಲಿನಲ್ಲೂ ಒಂದೇ ಇರುವುದನ್ನು ಇಟ್ಟುಕೊಂಡು ಏನು ಪ್ರಯೋಜನ? ಒಂದೇ ಕಮಾಂಡಿಗೆ ತೆಗೆದುಹಾಕಿದೆ. ಪಟ್ಟಿ ಚೊಕ್ಕಟವಾಯಿತು ಅಂತ ಖುಷಿಯೂ ಆಯಿತು.

ಮಾರನೇ ದಿನ ಹಿರಿಯ ಸಹೋದ್ಯೋಗಿಯೊಬ್ಬರು ಕರೆದರು. ಒಂದು ಸಾಲಿನಲ್ಲಿ ಮನೆತನದ ಹೆಸರಿದೆ, ಸ್ವಂತ ಹೆಸರಿನ ಜಾಗ ಖಾಲಿ. ಆಕೆಯ ಹೆಸರು ನಿಜಕ್ಕೂ ಸಾರಾ. ಹೆತ್ತವರು ಇಟ್ಟದ್ದು.

ಉಳಿದವರದ್ದು ಸರ್ಕಾರ ಅಂಟಿಸಿದ್ದು. 1938ರ ಆಗಸ್ಟ್‌ನಲ್ಲಿ ನಾಜಿಗಳು ಆದೇಶ ಹೊರಡಿಸಿದರು. ಅವರು ಒಪ್ಪಿದ ‘ಯಹೂದಿ ಹೆಸರು’ಗಳ ಪಟ್ಟಿಯೊಂದಿತ್ತು. ಅದರಲ್ಲಿ ಇಲ್ಲದ ಹೆಸರಿನವರು 1939ರ ಜನವರಿ 1ರಿಂದ ಇಸ್ರೇಲ್ ಇಲ್ಲವೇ ಸಾರಾ ಸೇರಿಸಿಕೊಳ್ಳಲೇಬೇಕು. ಮಾರ್ಗರೆಟೆ, ಹಿಲ್ಡೆ ಅಂತ ಪಕ್ಕದ ಮನೆಯವರಂಥದ್ದೇ ಹೆಸರಿದ್ದವರನ್ನು ಹೆಕ್ಕಿ ಬೇರೆ ಮಾಡುವ ಉಪಾಯ ಅದು.

“ಹಾಗಾದರೆ ಮಿಕ್ಕವರದ್ದು ಅಳಿಸಿದ್ದು ಸರಿ ಅಲ್ವಾ?” ಅಂದೆ. ಸುಲಭಕ್ಕೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಅಳಿಸಿದರೆ ಮಾಡಿದ ಅನ್ಯಾಯದ ಗುರುತು ಹೋಗುತ್ತದೆ, ಹಾಗೇ ಬಿಟ್ಟರೆ ನಾಜಿಗಳು ಕರೆದಂತೆ ನಾವೂ ಕರೆದ ಹಾಗೆ ಅಂದರು ಅವರು. ಅದಕ್ಕೇ ಎರಡು ಕಾಲಂ. ಒಂದರಲ್ಲಿ ಕಾಗದದಲ್ಲಿ ಇದ್ದ ಹಾಗೆ, ಟೈಪಿಂಗ್ ತಪ್ಪೂ ಸಮೇತ. ಇನ್ನೊಂದರಲ್ಲಿ ಅವರ ಹೆಸರು. ಅದಕ್ಕೆ ಜನನ ದಾಖಲೆ, 1939ಕ್ಕೂ ಹಿಂದಿನ ಕಾಗದಪತ್ರ ತೆಗೆದು ತಾಳೆ ನೋಡಬೇಕು. ಒಂದೊಂದು ಸಾಲಿಗೆ ಅರ್ಧ ದಿನ ಹಿಡಿದದ್ದೂ ಇದೆ. ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು.

ನನ್ನ ಬಸ್ ಸ್ಟಾಪಿನ ಹತ್ತಿರ ಫುಟ್‌ಪಾತಿನಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳಿವೆ. ನಾಜಿಗಳಿಗೆ ಬಲಿಯಾದವರ ನೆನಪಿಗೆ ಅವರು ವಾಸವಿದ್ದ ಮನೆಯೆದುರು ಹಾಕುವಂಥವು; ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಶುರು ಮಾಡಿದ ‘ಸ್ಟೋಲ್ಪರ್‌ಸ್ಟೈನ್’, ಅಂದರೆ ಎಡವುಗಲ್ಲು. ದಿನಾ ದಾಟಿ ಹೋಗುತ್ತಿದ್ದೆ. ಆ ಸಂಜೆ ಬಗ್ಗಿ ಒಂದನ್ನು ಓದಿದೆ. ‘ಇಲ್ಲಿ ವಾಸವಿದ್ದರು’ ಅಂತ ಮೇಲೆ. ಕೆಳಗೆ ಒಬ್ಬ ಹೆಂಗಸಿನ ಹೆಸರು, ತವರಿನ ಹೆಸರು, ಹುಟ್ಟಿದ ವರ್ಷ. ಸಾರಾ ಇರಲಿಲ್ಲ.